ಆಫ್ರಿಕಾದ 17 ವರ್ಷದೊಳಗಿನವರ ಅರ್ಹತಾ ಸುತ್ತು: ವಲಯ ಪದ್ಧತಿ ಉಳಿಯಬೇಕೇ?

ನಡುಅಂಕಣ (ಚರ್ಚೆ ಆರಂಭಿಸಿದವರು)

ಆಫ್ರಿಕಾದ 17 ವರ್ಷದೊಳಗಿನವರ ಫುಟ್‌ಬಾಲ್ ಚಾಂಪಿಯನ್‌ಷಿಪ್ ಬಗ್ಗೆ ಕನ್ನಡದಲ್ಲಿ ಮಾತನಾಡುವವರೇ ಕಡಿಮೆ. ಅದರ ಅರ್ಹತಾ ಸುತ್ತಿನ ಬಗ್ಗೆಯಂತೂ ಒಂದು ಸಾಲೂ ಕಾಣುವುದಿಲ್ಲ. ನನಗೋ, ಮುಖ್ಯ ಪಂದ್ಯಾವಳಿಗಿಂತ ಈ ಅರ್ಹತಾ ಸುತ್ತಿನಲ್ಲಿಯೇ ಹೆಚ್ಚು ತುರುಸು ಕಾಣುತ್ತದೆ. ಆದ್ದರಿಂದ ಈ ಚರ್ಚೆ ಶುರು ಮಾಡುತ್ತಿದ್ದೇನೆ.

ಹಿನ್ನೆಲೆ ಇಷ್ಟು. 2017ರ ಆವೃತ್ತಿಯವರೆಗೆ ತವರಿನಲ್ಲೊಂದು, ಎದುರಾಳಿಯ ನೆಲದಲ್ಲೊಂದು ಎಂದು ಎರಡು ಪಂದ್ಯಗಳ ನಾಕೌಟ್ ಇತ್ತು. 2019ರ ಆವೃತ್ತಿಯಿಂದ ಆಫ್ರಿಕಾ ಫುಟ್‌ಬಾಲ್ ಒಕ್ಕೂಟವಾದ ಕಾಫ್ ಅದನ್ನು ಬಿಟ್ಟು ಆರು ವಲಯಗಳಿಗೆ ಹೊರಳಿತು: ಉತ್ತರದಲ್ಲಿ ಯುನಾಫ್, ಪಶ್ಚಿಮದಲ್ಲಿ ವಾಫು-ಎ ಮತ್ತು ವಾಫು-ಬಿ, ಮಧ್ಯದಲ್ಲಿ ಯುನಿಫ್ಯಾಕ್, ಪೂರ್ವದಲ್ಲಿ ಸೆಕಾಫಾ, ದಕ್ಷಿಣದಲ್ಲಿ ಕೊಸಾಫಾ. ಒಂದು ವಲಯದ ತಂಡಗಳೆಲ್ಲ ಒಂದೇ ದೇಶದಲ್ಲಿ ಸೇರಿ ಸುಮಾರು ಎರಡು ವಾರ ಆಡುತ್ತವೆ. ಮುಂದೆ ಹೋಗುವವರು ಯಾರೆಂಬುದು ಅಲ್ಲೇ ತೀರ್ಮಾನವಾಗುತ್ತದೆ.

ಈಗ 2025ರಲ್ಲಿ ಮೊರೊಕ್ಕೊದಲ್ಲಿ ಆಡಿದ 16 ತಂಡಗಳನ್ನು ವಲಯವಾರು ಬಿಡಿಸಿ ನೋಡಿ. ಯುನಾಫ್‌ನಿಂದ ಮೊರೊಕ್ಕೊ, ಈಜಿಪ್ಟ್, ಟುನೀಷಿಯಾ. ವಾಫು-ಎ ಕಡೆಯಿಂದ ಮಾಲಿ, ಸೆನೆಗಲ್, ಗ್ಯಾಂಬಿಯಾ. ಪೂರ್ವದಿಂದ ಉಗಾಂಡಾ, ಟಾಂಜಾನಿಯಾ, ಸೊಮಾಲಿಯಾ. ದಕ್ಷಿಣದಿಂದ ಜಾಂಬಿಯಾ, ದಕ್ಷಿಣ ಆಫ್ರಿಕಾ, ಅಂಗೋಲಾ. ಮಧ್ಯದಿಂದ ಕ್ಯಾಮರೂನ್ ಮತ್ತು ಮಧ್ಯ ಆಫ್ರಿಕಾ ಗಣರಾಜ್ಯ. ವಾಫು-ಬಿ ಕಡೆಯಿಂದ ಬುರ್ಕಿನಾ ಫಾಸೊ ಮತ್ತು ಐವರಿ ಕೋಸ್ಟ್ ಮಾತ್ರ.

ಅಂದರೆ ಐದು ದೇಶಗಳ ಯುನಾಫ್‌ನಿಂದ ಮೂವರು, ಏಳು ದೇಶಗಳ ವಾಫು-ಬಿಯಿಂದ ಇಬ್ಬರು. ಆ ಏಳರಲ್ಲಿ ನೈಜೀರಿಯಾ ಮತ್ತು ಘಾನಾ ಇವೆ. ನೈಜೀರಿಯಾ 1985, 1993, 2007, 2013, 2015ರಲ್ಲಿ ಈ ವಯೋಮಾನದ ವಿಶ್ವಕಪ್ ಗೆದ್ದಿದೆ, ಘಾನಾ 1991 ಮತ್ತು 1995ರಲ್ಲಿ. ಈ ಮಟ್ಟದಲ್ಲಿ ಆಫ್ರಿಕಾಕ್ಕೆ ದಕ್ಕಿದ ಏಳು ವಿಶ್ವಕಪ್‌ಗಳೂ ಈ ಇಬ್ಬರವೇ. ಇಬ್ಬರೂ ಮೊರೊಕ್ಕೊಗೆ ಹೋಗಲಾಗಲಿಲ್ಲ.

ವಲಯ ಪದ್ಧತಿ ಇರಲಿ, ಸ್ಥಾನ ಹಂಚುವ ಲೆಕ್ಕ ಬದಲಾಗಲಿ ಎಂಬುದು ನನ್ನ ನಿಲುವು. ನೀವೇನು ಹೇಳುತ್ತೀರಿ?

ಗೋಲುಗಂಬ

ನನ್ನ ಪ್ರಕಾರ ವಲಯ ಪದ್ಧತಿಯೇ ಹೋಗಬೇಕು ಸರ್. ಇಡೀ ಖಂಡದ ತಂಡಗಳಿಗೆ ಒಂದೇ ಡ್ರಾ ಎತ್ತಿ, ತವರು ಮತ್ತು ಹೊರಗಿನ ಎರಡು ಪಂದ್ಯ ಆಡಿಸಲಿ. ಎರಡು ವಾರದ ಪಂದ್ಯಾವಳಿಯಲ್ಲಿ ಒಂದು ಕೆಟ್ಟ ಸಂಜೆ ಬಂದರೆ ಮುಗಿಯಿತು, ತಿದ್ದಿಕೊಳ್ಳಲು ಎರಡನೇ ಪಂದ್ಯವೇ ಇರುವುದಿಲ್ಲ. ಘಾನಾವನ್ನೇ ನೋಡಿ. 2017ರಲ್ಲಿ ಫೈನಲ್ ಆಡಿತು. ಆಮೇಲೆ 2019ರ ಆವೃತ್ತಿಗೆ ನೈಜರ್ ದೇಶದ ನಿಯಾಮೆಯಲ್ಲಿ ನಡೆದ ವಲಯ ಫೈನಲ್‌ನಲ್ಲಿ ನೈಜೀರಿಯಾಗೆ ಪೆನಾಲ್ಟಿಯಲ್ಲಿ ಸೋತು ಹೊರಬಿತ್ತು. 2022ರಲ್ಲಿ ಕೇಪ್ ಕೋಸ್ಟ್‌ನಲ್ಲಿ, ತನ್ನದೇ ನೆಲದಲ್ಲಿ, ಸೆಮಿಫೈನಲ್‌ನಲ್ಲಿ ಬುರ್ಕಿನಾ ಫಾಸೊಗೆ ಸೋತಿತು. 2024ರಲ್ಲಿ ಅಕ್ರಾದಲ್ಲಿ ಮತ್ತೆ ಆತಿಥ್ಯ ವಹಿಸಿತು, ಮತ್ತೆ ಅರ್ಹತೆ ಸಿಗಲಿಲ್ಲ. 2019, 2023, 2025, ಮೂರು ಆವೃತ್ತಿಗಳೂ ಕೈತಪ್ಪಿದವು. 2017ರ ಹುಡುಗರು ಈಗ ಇಪ್ಪತ್ತೈದರ ಆಸುಪಾಸಿನಲ್ಲಿದ್ದಾರೆ. ಅವರ ನಂತರದ ಎಷ್ಟೋ ಹುಡುಗರಿಗೆ ಈ ವೇದಿಕೆಯೇ ಸಿಗಲಿಲ್ಲ.

ನಡುಅಂಕಣ

ಗೋಲುಗಂಬ ಅವರೇ, ಎರಡು ಪಂದ್ಯಗಳ ಪದ್ಧತಿ ಬಲಿಷ್ಠರನ್ನು ಕಾಪಾಡುತ್ತದೆ ಎಂಬುದನ್ನು ನಾನು ಒಪ್ಪಲಾರೆ. 2016ರಲ್ಲಿ ನೈಜೀರಿಯಾ ವಿಶ್ವ ಚಾಂಪಿಯನ್ ಆಗಿಯೇ ಅರ್ಹತಾ ಸುತ್ತಿಗೆ ಬಂತು. ಅಬುಜಾದಲ್ಲಿ ನೈಜರ್ ವಿರುದ್ಧ 1–0 ಗೆದ್ದಿತು, ನಿಯಾಮೆಗೆ ಹೋಗಿ 3–1ರಿಂದ ಸೋತಿತು. ಅಲ್ಲಿಗೆ ಅದರ ಆಟ ಮುಗಿಯಿತು. ನೈಜರ್ ಅಲ್ಲಿಂದ ಗ್ಯಾಬೊನ್‌ನಲ್ಲಿ ನಡೆದ ಆಫ್ರಿಕಾ ಚಾಂಪಿಯನ್‌ಷಿಪ್‌ಗೆ ಹೋಗಿ ಸೆಮಿಫೈನಲ್ ತಲುಪಿ, 2017ರಲ್ಲಿ ಭಾರತಕ್ಕೇ ಬಂದು ವಿಶ್ವಕಪ್ ಆಡಿತು. ಕೊಚ್ಚಿಯಲ್ಲಿ ಉತ್ತರ ಕೊರಿಯಾವನ್ನು 1–0ರಿಂದ ಸೋಲಿಸಿತು. ಆ ವಯಸ್ಸಿನ ಹುಡುಗರ ಆಟದಲ್ಲಿ ಯಾವ ಪದ್ಧತಿ ತಂದರೂ ಇಂಥದ್ದು ನಡೆಯುತ್ತದೆ, ನಡೆಯಲೂ ಬೇಕು. ನನ್ನ ತಕರಾರು ಇರುವುದು ಸೋಲಿನ ಬಗ್ಗೆ ಅಲ್ಲ. ಮೂರನೇ, ನಾಲ್ಕನೇ ಸ್ಥಾನ ಪಡೆದ ಬಲವಾದ ತಂಡಕ್ಕೆ ಬೇರೆ ಬಾಗಿಲೇ ಇಲ್ಲ ಎಂಬುದರ ಬಗ್ಗೆ.

ಕಾರವಾರದವ

ಕೊಚ್ಚಿ ಅಂದಿದ್ದಕ್ಕೆ ಬರೆಯುತ್ತಿದ್ದೇನೆ. ಆ ವಿಶ್ವಕಪ್‌ನಲ್ಲಿ ಬೆಂಗಳೂರಿಗೆ ಒಂದು ಪಂದ್ಯವೂ ಸಿಗಲಿಲ್ಲ. ನಮಗೆ ಹತ್ತಿರದ್ದು ಮಡಗಾಂವ್. ಮಾಲಿ ಮತ್ತು ಇರಾಕ್ ನಡುವಿನ 16ರ ಘಟ್ಟದ ಪಂದ್ಯವನ್ನು ಅಲ್ಲಿ ಕುಳಿತು ನೋಡಿದೆವು. 5–1. ಮಾಲಿಯ ಹುಡುಗರು ಚೆಂಡು ಕಳೆದುಕೊಂಡ ಮರುಗಳಿಗೆಯೇ ಮೂರು ಜನ ಮುತ್ತಿ ಕಸಿದುಕೊಳ್ಳುತ್ತಿದ್ದ ರೀತಿ ಇಂದಿಗೂ ಕಣ್ಣಲ್ಲಿದೆ. ಆ ಮಾಲಿ ಗುವಾಹಟಿಯ ಮಳೆಯಲ್ಲಿ ಘಾನಾವನ್ನು 2–1ರಿಂದ ಸೋಲಿಸಿ ಸೆಮಿಫೈನಲ್‌ಗೆ ಹೋಯಿತು. ಒಂದೇ ಖಂಡದ ಎರಡು ತಂಡಗಳು ವಿಶ್ವಕಪ್ ಕ್ವಾರ್ಟರ್‌ಫೈನಲ್‌ನಲ್ಲಿ ಎದುರಾಗುತ್ತವೆ ಎಂದರೆ ಆ ಖಂಡಕ್ಕೆ ಆಗ ಕೊಟ್ಟಿದ್ದ ನಾಲ್ಕು ಸ್ಥಾನ ಸಾಲದು ಎಂದೇ ಅರ್ಥ. ಈಗ 48 ತಂಡಗಳ ವಿಶ್ವಕಪ್ ಆಗಿ ಆಫ್ರಿಕಾಕ್ಕೆ ಹತ್ತು ಸ್ಥಾನ ಬಂದಿರುವುದು ನ್ಯಾಯವೇ ಸರಿ.

ಕಂಪಾಲಾ ಕನ್ನಡಿಗ

ನಾನು ಕೆಲಸದ ನಿಮಿತ್ತ ಉಗಾಂಡಾದ ರಾಜಧಾನಿ ಕಂಪಾಲಾದಲ್ಲಿ ನೆಲೆಸಿರುವವನು. ಗೋಲುಗಂಬ ಅವರು ಹೇಳುವ ಹಳೆಯ ಪದ್ಧತಿ ಕಾಗದದ ಮೇಲೆ ಚೆನ್ನಾಗಿದೆ. ಇಲ್ಲಿನ ನೆಲದಲ್ಲಿ ನಿಂತು ನೋಡಿದರೆ ಬೇರೆಯೇ ಕಾಣುತ್ತದೆ.

ಆಫ್ರಿಕಾದೊಳಗಿನ ವಿಮಾನ ಪ್ರಯಾಣ ತುಂಬಾ ದುಬಾರಿ. ಪಕ್ಕದ ಪಕ್ಕದ ದೇಶಕ್ಕೆ ಹೋಗಬೇಕಾದರೂ ಎಷ್ಟೋ ಸಲ ದೂರದ ನಗರದಲ್ಲಿ ಇಳಿದು ವಿಮಾನ ಬದಲಿಸಬೇಕು. ಒಂದು ತಂಡವೆಂದರೆ ಆಟಗಾರರು, ತರಬೇತುದಾರರು, ವೈದ್ಯರು ಸೇರಿ ಮೂವತ್ತರ ಹತ್ತಿರ ಜನ. ಎರಡು ಪಂದ್ಯಗಳ ಪದ್ಧತಿಯಲ್ಲಿ ಪ್ರತಿ ಸುತ್ತಿಗೂ ಈ ಖರ್ಚು. ಹಿರಿಯರ ತಂಡಕ್ಕೇ ಹಣ ಹೊಂದಿಸಲಾಗದ ಒಕ್ಕೂಟಗಳು ಮೊದಲು ಕೈಬಿಡುವುದು ಕಿರಿಯರ ತಂಡವನ್ನು. ಡ್ರಾದಲ್ಲಿ ಹೆಸರು ಇರುತ್ತಿತ್ತು, ಆಡುವ ದಿನ ತಂಡ ಇರುತ್ತಿರಲಿಲ್ಲ.

ವಲಯ ಪದ್ಧತಿಯಲ್ಲಿ ಒಮ್ಮೆ ಹೋಗಿ ಇಳಿದರೆ ಕನಿಷ್ಠ ಎರಡು ಮೂರು ಪಂದ್ಯ ಖಾತರಿ. ಸೊಮಾಲಿಯಾ ಈ ಚಾಂಪಿಯನ್‌ಷಿಪ್‌ಗೆ ಮೊದಲ ಸಲ ಬಂದದ್ದು 2023ರಲ್ಲಿ. 2022ರಲ್ಲಿ ಇಥಿಯೋಪಿಯಾದಲ್ಲಿ ನಡೆದ ಸೆಕಾಫಾ ಪಂದ್ಯಾವಳಿಯ ಫೈನಲ್ ಆಡಿ ಅದನ್ನು ಗಳಿಸಿತು. ದಶಕಗಳ ಯುದ್ಧ ಕಂಡ ದೇಶದ ಹುಡುಗರಿಗೆ ಅದು ಎಷ್ಟು ದೊಡ್ಡದು ಎಂಬುದನ್ನು ಇಲ್ಲಿನ ಸೊಮಾಲಿ ಅಂಗಡಿಗಳಲ್ಲಿ ಕಂಡಿದ್ದೇನೆ. ಹಳೆಯ ಪದ್ಧತಿಯಲ್ಲಿ ಮೊದಲ ಸುತ್ತಿನಲ್ಲೇ ಈಜಿಪ್ಟ್ ಎದುರಾಗಿದ್ದರೆ ಕಥೆ ಎರಡು ಪಂದ್ಯಕ್ಕೇ ಮುಗಿಯುತ್ತಿತ್ತು.

2024ರ ಡಿಸೆಂಬರ್‌ನಲ್ಲಿ ಸೆಕಾಫಾ ಅರ್ಹತಾ ಪಂದ್ಯಾವಳಿ ಕಂಪಾಲಾದಲ್ಲೇ ನಡೆಯಿತು. ಸಾಧ್ಯವಾದಷ್ಟು ಪಂದ್ಯಗಳಿಗೆ ಹೋದೆ. ಗ್ಯಾಲರಿಯಲ್ಲಿ ಶಾಲಾ ಸಮವಸ್ತ್ರದ ಮಕ್ಕಳೇ ಹೆಚ್ಚು. ತಮ್ಮ ವಯಸ್ಸಿನವನೇ ದೇಶದ ಅಂಗಿ ತೊಟ್ಟು ಆಡುವುದನ್ನು ನೋಡುವ ಮಕ್ಕಳ ಕೂಗಿಗೆ ಹಿರಿಯರ ಪಂದ್ಯದ ಕೂಗು ಸಾಟಿಯಿಲ್ಲ. ಅಲ್ಲಿಂದ ಹೊರಟ ಉಗಾಂಡಾ ಮೊರೊಕ್ಕೊದಲ್ಲಿ ಆತಿಥೇಯರ ಕೈಯಲ್ಲಿ 5–0 ಏಟು ತಿಂದಿತು. ಆದರೂ ಗುಂಪಿನಲ್ಲಿ ಮೂರನೆಯದಾಗಿ ಪ್ಲೇಆಫ್‌ನಲ್ಲಿ ಗ್ಯಾಂಬಿಯಾವನ್ನು 1–0ರಿಂದ ಸೋಲಿಸಿ ವಿಶ್ವಕಪ್ ಸೇರಿತು. ಕತಾರ್‌ನಲ್ಲಿ ಫ್ರಾನ್ಸ್ ವಿರುದ್ಧ 1–0, ಆಮೇಲೆ 32ರ ಘಟ್ಟದಲ್ಲಿ ಸೆನೆಗಲ್ ವಿರುದ್ಧ 1–0, ಎರಡೂ ಗೆಲುವು. ಪೂರ್ವ ವಲಯದವರು ದುರ್ಬಲರು, ಅವರ ಸ್ಥಾನ ಕಿತ್ತು ಪಶ್ಚಿಮಕ್ಕೆ ಕೊಡಿ ಎನ್ನುವವರು ಈ ಅಂಕಿಗಳನ್ನು ಒಮ್ಮೆ ಓದಲಿ.

ಗೋಲುಗಂಬ

ಖರ್ಚಿನ ಮಾತು ಒಪ್ಪುತ್ತೇನೆ. ಆದರೆ ಅದೇ ಕತಾರ್‌ನಲ್ಲಿ ಉಗಾಂಡಾವನ್ನು 16ರ ಘಟ್ಟದಲ್ಲಿ ಪೆನಾಲ್ಟಿಯಲ್ಲಿ ತಡೆದವರು ಯಾರು? ಬುರ್ಕಿನಾ ಫಾಸೊ. ಅದು ಜರ್ಮನಿಯನ್ನೂ ಮನೆಗೆ ಕಳುಹಿಸಿ ಕ್ವಾರ್ಟರ್‌ಫೈನಲ್ ಆಡಿತು. ವಾಫು-ಬಿ ದಾಟಿ ಬಂದವರ ಬಲ ಅಷ್ಟಿದೆ. ಆ ವಲಯದಲ್ಲಿ ಇನ್ನೊಂದು ಸ್ಥಾನ ಇದ್ದಿದ್ದರೆ ಯಾರ ಪಾಲೂ ಕಿತ್ತುಕೊಂಡಂತೆ ಆಗುತ್ತಿರಲಿಲ್ಲ.

ಗೌತಮಪುರ ಕೋಚ್

ನಾನು ಬೆಂಗಳೂರಿನಲ್ಲಿ ಸಣ್ಣ ಹುಡುಗರಿಗೆ ಫುಟ್‌ಬಾಲ್ ಕಲಿಸುತ್ತೇನೆ. ಸ್ಥಾನಗಳ ಲೆಕ್ಕಕ್ಕಿಂತ ನನ್ನನ್ನು ಕಾಡುವುದು ವಯಸ್ಸಿನ ಪರೀಕ್ಷೆ. 2023ರ ಜನವರಿಯಲ್ಲಿ ಯುನಿಫ್ಯಾಕ್ ಅರ್ಹತಾ ಪಂದ್ಯಾವಳಿಗೆ ಮೊದಲು ಕ್ಯಾಮರೂನ್‌ನ 30 ಹುಡುಗರಲ್ಲಿ 21 ಮಂದಿ ಎಂಆರ್‌ಐ ಪರೀಕ್ಷೆಯಲ್ಲಿ ಹೊರಬಿದ್ದರು. ಹಾಗೆ ಪರೀಕ್ಷಿಸಲು ಹೇಳಿದವರು ಅಲ್ಲಿನ ಒಕ್ಕೂಟದ ಅಧ್ಯಕ್ಷ ಸ್ಯಾಮುಯೆಲ್ ಎಟೊ. ಹೊಸ ತಂಡ ಕಟ್ಟಿ, ಲಿಂಬೆ ಎಂಬ ಊರಿನಲ್ಲಿ ಆಡಿ, ಕ್ಯಾಮರೂನ್ ಅರ್ಹತೆಯನ್ನೂ ಪಡೆಯಿತು. ಅದೇ ವರ್ಷ ಅಲ್ಜೀರಿಯಾದಲ್ಲಿ ಸೌತ್ ಸುಡಾನ್ ಮುಖ್ಯ ಪಂದ್ಯಾವಳಿಯಿಂದಲೇ ಅನರ್ಹಗೊಂಡಿತು. ಅದರ ಐದು ಆಟಗಾರರು ಪರೀಕ್ಷೆಯಲ್ಲಿ ನಪಾಸಾಗಿದ್ದರು.

ನನ್ನ ಪ್ರಶ್ನೆ ಇದು: ಆ ಪರೀಕ್ಷೆ ನಿಜವಾಗಿ ವಯಸ್ಸು ಹೇಳುತ್ತದೆಯೇ? ನಮ್ಮಲ್ಲೂ ಶಾಲಾ ಕ್ರೀಡಾಕೂಟಗಳಲ್ಲಿ ಮೀಸೆ ಬಂದವರನ್ನು ಕಂಡು ತಲೆ ಕೆಟ್ಟಿದೆ. ಹಾಗೆಯೇ, ಮೀಸೆ ಬೇಗ ಬಂದ ಪ್ರಾಮಾಣಿಕ ಹುಡುಗನೊಬ್ಬ ಎಲ್ಲರ ಬಾಯಲ್ಲಿ ಮೋಸಗಾರನಾದದ್ದನ್ನೂ ಕಂಡಿದ್ದೇನೆ. ವೈದ್ಯರು ಯಾರಾದರೂ ಇದ್ದರೆ ಹೇಳಿ.

ಮಂಗಳೂರು ರೇಡಿಯಾಲಜಿ

ಕೋಚ್ ಸರ್, ನಾನು ಈ ಚಿತ್ರಗಳನ್ನು ಓದುವ ಕೆಲಸದಲ್ಲಿದ್ದೇನೆ. ವಿವರವಾಗಿಯೇ ಬರೆಯುತ್ತೇನೆ.

ಮುಂಗೈಯಲ್ಲಿ ರೇಡಿಯಸ್ ಎಂಬ ಮೂಳೆ ಇದೆ. ಮಣಿಕಟ್ಟಿನ ಬಳಿ ಅದರ ತುದಿಯಲ್ಲಿ ಬೆಳವಣಿಗೆಯ ಪದರ ಇರುತ್ತದೆ. ಹುಡುಗ ಬೆಳೆಯುವಷ್ಟು ಕಾಲ ಅದು ಮೃದುವಾಗಿ, ಬಿಡಿಯಾಗಿ ಕಾಣುತ್ತದೆ. ಬೆಳವಣಿಗೆ ಮುಗಿದಂತೆ ಮೂಳೆಯೊಂದಿಗೆ ಬೆಸೆದುಕೊಳ್ಳುತ್ತದೆ. ಬೆಸುಗೆಯನ್ನು ಆರು ಹಂತಗಳಾಗಿ ಗುರುತಿಸುತ್ತಾರೆ. ಆರನೆಯದು ಪೂರ್ಣ ಬೆಸುಗೆ. ಫಿಫಾ ಬೇರೆ ಬೇರೆ ಖಂಡಗಳ 14ರಿಂದ 19 ವರ್ಷದ ಆಟಗಾರರನ್ನು ಪರೀಕ್ಷಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 17 ತುಂಬದವರಲ್ಲಿ ಪೂರ್ಣ ಬೆಸುಗೆ ಶೇಕಡಾ ಒಂದಕ್ಕಿಂತ ಕಡಿಮೆ ಕಂಡುಬಂತು. ಆ ಆಧಾರದ ಮೇಲೆ 2009ರ ನೈಜೀರಿಯಾ ವಿಶ್ವಕಪ್‌ನಿಂದ ಈ ಪರೀಕ್ಷೆ ಬಂತು. ಎಕ್ಸ್‌ರೇ ಬಿಟ್ಟು ಎಂಆರ್‌ಐ ಆರಿಸಿದ್ದಕ್ಕೆ ಕಾರಣ ವಿಕಿರಣ. ಕಾಯಿಲೆ ಇಲ್ಲದ ಮಗುವನ್ನು ಆಟಕ್ಕಾಗಿ ವಿಕಿರಣಕ್ಕೆ ಒಡ್ಡುವುದು ವೈದ್ಯರಿಗೆ ಒಪ್ಪುವ ಮಾತಲ್ಲ.

ಈಗ ನಿಮ್ಮ ಪ್ರಶ್ನೆಗೆ. ಈ ಪರೀಕ್ಷೆ ವಯಸ್ಸು ಹೇಳುವುದಿಲ್ಲ. ಬೆಳವಣಿಗೆ ಮುಗಿದಿದೆಯೇ ಇಲ್ಲವೇ ಎಂದಷ್ಟೇ ಹೇಳುತ್ತದೆ. ಎರಡು ಬಗೆಯ ತಪ್ಪು ಸಾಧ್ಯ. ನಿಧಾನವಾಗಿ ಬೆಳೆಯುವ 18 ವರ್ಷದವನ ಮೂಳೆ ಇನ್ನೂ ಬೆಸೆದಿರುವುದಿಲ್ಲ, ಅವನು ಪಾಸಾಗುತ್ತಾನೆ. ಬೇಗ ಬೆಳೆದ ಹದಿನಾರರ ಹುಡುಗ ಅಪರೂಪಕ್ಕೆ ನಪಾಸಾಗುತ್ತಾನೆ. ಶೇಕಡಾ ಒಂದು ಎಂದೇ ಹಿಡಿದರೆ, ತಲಾ 20 ಹುಡುಗರ ಐದು ತಂಡಗಳಲ್ಲಿ ಒಬ್ಬ ನಿರಪರಾಧಿ. ಅವನಿಗೆ ಏನು ಹೇಳುತ್ತೀರಿ? ನನ್ನ ಪ್ರಕಾರ ನಪಾಸಾದವನನ್ನು ‘ಈ ಪಂದ್ಯಾವಳಿಗೆ ಅರ್ಹನಲ್ಲ’ ಎನ್ನಬೇಕೇ ಹೊರತು ‘ವಯಸ್ಸು ಸುಳ್ಳು ಹೇಳಿದವ’ ಎನ್ನಬಾರದು. ಅವರ ಹೆಸರುಗಳನ್ನು ಪತ್ರಿಕೆಗಳಲ್ಲಿ ಪಟ್ಟಿ ಮಾಡಿ ಪ್ರಕಟಿಸುವುದನ್ನು ನಾನು ಕಟುವಾಗಿ ವಿರೋಧಿಸುತ್ತೇನೆ.

ಆದರೆ 30ರಲ್ಲಿ 21 ಎಂಬ ಅಂಕಿಯನ್ನು ಆ ಶೇಕಡಾ ಒಂದರಿಂದ ವಿವರಿಸಲು ಸಾಧ್ಯವೇ ಇಲ್ಲ. ಅಲ್ಲಿ ದೊಡ್ಡವರು ಯಾರೋ ಮಕ್ಕಳನ್ನು ಬಳಸಿಕೊಂಡಿದ್ದಾರೆ.

ಕಂಪಾಲಾ ಕನ್ನಡಿಗ

ಡಾಕ್ಟರ್ ಮೇಡಂ, ತುಂಬಾ ಉಪಯುಕ್ತ ವಿವರಣೆ. ಒಂದು ಮಾತು ಸೇರಿಸುತ್ತೇನೆ. ಸಹಾರಾದ ದಕ್ಷಿಣದ ಆಫ್ರಿಕಾದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಕ್ಕಳ ಜನನ ಮಾತ್ರ ನೋಂದಣಿಯಾಗಿದೆ ಎಂದು ಯುನಿಸೆಫ್ ಹೇಳುತ್ತದೆ. ಹಳ್ಳಿಯಲ್ಲಿ ಹುಟ್ಟಿದ ಹುಡುಗನಿಗೆ ಪಾಸ್‌ಪೋರ್ಟ್ ಮಾಡಿಸುವಾಗಲೇ ಮೊದಲ ಸಲ ಒಂದು ಹುಟ್ಟಿದ ದಿನ ಬರೆಯುವುದೂ ಉಂಟು. ಆ ದಿನಾಂಕ ಬರೆಯುವ ಪೆನ್ನು ಅವನ ಕೈಯಲ್ಲಿ ಇರುವುದಿಲ್ಲ. ಏಜೆಂಟ್, ಅಕಾಡೆಮಿ, ಊರಿನ ಹಿರಿಯ, ಯಾರೋ ಬರೆಯುತ್ತಾರೆ. ಶಿಕ್ಷೆ ಮಾತ್ರ ಹುಡುಗನಿಗೆ.

ಬಲಬದಿ

ಕಾಗದದ ಮೋಸಕ್ಕೆ ದೊಡ್ಡ ಉದಾಹರಣೆ 2019ರ ಗಿನಿ. ಟಾಂಜಾನಿಯಾದ ದಾರ್ ಎಸ್ ಸಲಾಮ್‌ನಲ್ಲಿ ಫೈನಲ್‌ವರೆಗೆ ಹೋಗಿ ಕ್ಯಾಮರೂನ್‌ಗೆ ಪೆನಾಲ್ಟಿಯಲ್ಲಿ ಸೋತಿತು. ಆಮೇಲೆ ಸೆನೆಗಲ್‌ನ ದೂರಿನಿಂದ ಹೊರಬಂದದ್ದೇನೆಂದರೆ, ಇಬ್ಬರು ಆಟಗಾರರು 2017ರಲ್ಲಿ ಜಪಾನ್‌ನ ಪಂದ್ಯಾವಳಿಯೊಂದಕ್ಕೆ ಹೋದಾಗ ಬೇರೆಯೇ ಜನ್ಮದಿನಾಂಕ ಕೊಟ್ಟಿದ್ದರು. ಗಿನಿಯ ಬೆಳ್ಳಿ ಪದಕ ಹೋಯಿತು, ಬ್ರೆಜಿಲ್ ವಿಶ್ವಕಪ್ ಹೋಯಿತು, ಮುಂದಿನ ಎರಡು ಆವೃತ್ತಿಗಳಿಗೆ ನಿಷೇಧವೂ ಬಂತು. ಅದರ ಜಾಗದಲ್ಲಿ ಸೆನೆಗಲ್ ವಿಶ್ವಕಪ್ ಆಡಿತು. ನಿಷೇಧದ ಭಾರ ಬಿದ್ದದ್ದು ಆ ತಂಡದ ಮೇಲಲ್ಲ, ಆಗ ಹದಿಮೂರು ಹದಿನಾಲ್ಕು ವರ್ಷದವರಾಗಿದ್ದ ಮುಂದಿನ ಸಾಲಿನ ಹುಡುಗರ ಮೇಲೆ. ಒಕ್ಕೂಟಕ್ಕೆ ದಂಡ ಹಾಕಲಿ, ಅಧಿಕಾರಿಗಳನ್ನು ದೂರವಿಡಲಿ. ಮುಂದಿನ ಮಕ್ಕಳನ್ನು ಏಕೆ ಕಟ್ಟಿಹಾಕಬೇಕು?

ಗೌತಮಪುರ ಕೋಚ್

ಬಲಬದಿ ಅವರ ಮಾತಿಗೆ ನನ್ನ ಪೂರ್ಣ ಸಹಮತ. ಈ ವಯಸ್ಸಿನ ಫುಟ್‌ಬಾಲಿನಲ್ಲಿ ಅವಕಾಶ ಒಂದೇ ಸಲ ಬರುವುದು. 2021ರ ಹುಡುಗರನ್ನು ನೆನೆಯಿರಿ. ಕೋವಿಡ್ ನಡುವೆಯೇ ಮೂಗು ಗಂಟಲಿನ ಪರೀಕ್ಷೆ ಮಾಡಿಸಿಕೊಂಡು, ಮಣಿಕಟ್ಟಿನ ಪರೀಕ್ಷೆ ಮಾಡಿಸಿಕೊಂಡು ವಲಯ ಪಂದ್ಯಗಳನ್ನು ಆಡಿ ಗೆದ್ದರು. ವಿಶ್ವಕಪ್ ರದ್ದಾದ ಸುದ್ದಿ 2020ರ ಡಿಸೆಂಬರ್‌ನಲ್ಲೇ ಬಂದಿತ್ತು, ಆದರೂ ಆಡಿದರು. ಮೊರೊಕ್ಕೊದಲ್ಲಿ ಮಾರ್ಚ್‌ನಲ್ಲಿ ಆರಂಭವಾಗಬೇಕಿದ್ದ ಚಾಂಪಿಯನ್‌ಷಿಪ್ ಅದೇ ತಿಂಗಳು ರದ್ದಾಯಿತು. ಹಿರಿಯರ ಪಂದ್ಯಾವಳಿಯಾಗಿದ್ದರೆ ಮುಂದಿನ ವರ್ಷ ಅದೇ ತಂಡ ಆಡುತ್ತದೆ. ಇವರಿಗೆ ಮುಂದಿನ ವರ್ಷ ಎಂಬುದೇ ಇಲ್ಲ, ವಯಸ್ಸು ದಾಟಿಬಿಡುತ್ತದೆ. ಅರ್ಹತೆ ಗಳಿಸಿಯೂ ಆಡದೆ ಹೋದ ಆ ಹುಡುಗರ ಹೆಸರು ಯಾವ ದಾಖಲೆಯಲ್ಲೂ ಎದ್ದು ಕಾಣುವುದಿಲ್ಲ.

ನಡುಅಂಕಣ

ಎಲ್ಲರ ಮಾತನ್ನೂ ಓದಿ ನನ್ನ ಸಲಹೆಯನ್ನು ಸ್ಪಷ್ಟವಾಗಿ ಬರೆಯುತ್ತೇನೆ. ಕ್ಲಬ್‌ಗಳ ಚಾಂಪಿಯನ್ಸ್ ಲೀಗ್‌ನಲ್ಲಿ ಕಾಫ್ ಈಗಾಗಲೇ ಐದು ವರ್ಷಗಳ ಸಾಧನೆ ನೋಡಿ ಮೊದಲ 12 ದೇಶಗಳಿಗೆ ಎರಡೆರಡು ಕ್ಲಬ್‌ಗಳ ಅವಕಾಶ ಕೊಡುತ್ತದೆ. ವಲಯಗಳಿಗೂ ಅಂಥದೇ ಲೆಕ್ಕ ತರಲಿ. ಹಿಂದಿನ ಆವೃತ್ತಿಗಳಲ್ಲಿ ಚೆನ್ನಾಗಿ ಆಡಿದ ವಲಯಕ್ಕೆ ಮೂರನೇ ಸ್ಥಾನ ಸಿಗಲಿ.

ಕಂಪಾಲಾ ಕನ್ನಡಿಗ

ಇದನ್ನು ಒಪ್ಪಲಾರೆ ಸರ್. ಕ್ಲಬ್ ಬೇರೆ, ಕಿರಿಯರ ತಂಡ ಬೇರೆ. ಕ್ಲಬ್‌ನಲ್ಲಿ ಅದೇ ಆಟಗಾರರು, ಅದೇ ಹಣ, ಅದೇ ಮೈದಾನ ವರ್ಷಗಟ್ಟಲೆ ಇರುತ್ತದೆ. ಇಲ್ಲಿ ಪ್ರತಿ ಆವೃತ್ತಿಗೂ ತಂಡವೇ ಪೂರ್ತಿ ಹೊಸದು. 2015ರಲ್ಲಿ ನೈಜೀರಿಯಾ ಆಫ್ರಿಕಾದಲ್ಲಿ ನಾಲ್ಕನೆಯದಾಗಿ, ಅದೇ ವರ್ಷ ಚಿಲಿಯಲ್ಲಿ ವಿಶ್ವಕಪ್ ಗೆದ್ದಿತು. ಅದರ ಆಟಗಾರ ಒಸಿಮ್ಹೆನ್ ಹತ್ತು ಗೋಲು ಹೊಡೆದದ್ದು ಆಗಲೇ. ಫೈನಲ್‌ನಲ್ಲಿ ಸೋತದ್ದು ಆಫ್ರಿಕಾ ಚಾಂಪಿಯನ್ ಮಾಲಿ. ಒಂದೇ ವರ್ಷದೊಳಗೆ ಲೆಕ್ಕ ತಲೆಕೆಳಗಾಗುವಾಗ ಐದು ವರ್ಷದ ಹಿಂದಿನ ಹುಡುಗರ ಆಟ ನೋಡಿ ಇಂದಿನವರಿಗೆ ಸ್ಥಾನ ಹಂಚುವುದು ಹೇಗೆ ನ್ಯಾಯ?

ನನ್ನ ಪರ್ಯಾಯ ಇದು. ಆರು ವಲಯಗಳಿಗೆ ತಲಾ ಎರಡು, ಒಟ್ಟು 12. ಆತಿಥೇಯರು ಬೇರೆ, 13. ಉಳಿಯುವುದು ಮೂರು. ಪ್ರತಿ ವಲಯದಲ್ಲಿ ಮೂರನೆಯದಾದ ಆರು ತಂಡಗಳು ಚೀಟಿ ಎತ್ತಿ ಮೂರು ಪಂದ್ಯ ಆಡಲಿ. ಗೆದ್ದ ಮೂವರು ಒಳಗೆ. ವಾಫು-ಬಿ ಅಷ್ಟು ಬಲವಾಗಿದ್ದರೆ ಮೈದಾನದಲ್ಲೇ ತೋರಿಸಲಿ. ಸೊಮಾಲಿಯಾಕ್ಕೂ ಬಾಗಿಲು ಮುಚ್ಚುವುದಿಲ್ಲ.

ಗೋಲುಗಂಬ

ಇದು ಒಪ್ಪುವಂತಿದೆ. ಆದರೆ ಆ ಮೂರು ಪಂದ್ಯ ಎಲ್ಲಿ? ನೀವೇ ಹೇಳಿದ ವಿಮಾನದ ಖರ್ಚು ಮತ್ತೆ ಬರುತ್ತದೆ.

ಕಂಪಾಲಾ ಕನ್ನಡಿಗ

ಆತಿಥೇಯ ದೇಶದಲ್ಲೇ, ಉದ್ಘಾಟನೆಗೆ ನಾಲ್ಕೈದು ದಿನ ಮೊದಲು. ಮೈದಾನ, ಹೋಟೆಲ್, ರೆಫರಿ ಎಲ್ಲ ಹೇಗೂ ಸಿದ್ಧವಿರುತ್ತದೆ. ಸೋತ ಮೂರು ತಂಡಗಳ ಪ್ರಯಾಣದ ಖರ್ಚು ಮಾತ್ರ ಹೆಚ್ಚುವರಿ, ಅದನ್ನು ಕಾಫ್ ಭರಿಸಬೇಕು. ಒಕ್ಕೂಟಗಳ ತಲೆಗೆ ಕಟ್ಟಿದರೆ ಬಡ ತಂಡ ಬರುವುದೇ ಇಲ್ಲ.

ಮಂಗಳೂರು ರೇಡಿಯಾಲಜಿ

ಹಾಗಾದರೆ ಎಂಆರ್‌ಐ ಕೂಡ ವಲಯ ಹಂತದಲ್ಲೇ, ಮೊದಲ ಪಂದ್ಯಕ್ಕೂ ಮುನ್ನ ಮುಗಿಯಲಿ, ಫಲಿತಾಂಶಕ್ಕೆ ಮೇಲ್ಮನವಿಯ ಅವಕಾಶವೂ ಇರಲಿ. ಚಿತ್ರವನ್ನು ಬೇರೆ ಬೇರೆ ಊರಿನ ಇಬ್ಬರು ರೇಡಿಯಾಲಜಿಸ್ಟರು ಒಬ್ಬರಿಗೊಬ್ಬರು ತಿಳಿಯದಂತೆ ಓದಬೇಕು. ಐದನೇ ಹಂತವೋ ಆರನೆಯದೋ ಎಂಬಲ್ಲಿಯೇ ಅಭಿಪ್ರಾಯ ಬೇರೆಯಾಗುವುದು. ಹಾಗೆ ಬೇರೆಯಾದರೆ ತೀರ್ಪು ಹುಡುಗನ ಪರವಾಗಿರಲಿ.

ನಡುಅಂಕಣ

ಮೂರನೇ ಸ್ಥಾನದವರ ಪ್ಲೇಆಫ್ ನನ್ನ ಲೆಕ್ಕಕ್ಕಿಂತ ಚೆನ್ನಾಗಿದೆ, ಅದಕ್ಕೇ ನನ್ನ ಮತ. ವಿಶ್ವಕಪ್ 2029ರವರೆಗೆ ಪ್ರತಿ ವರ್ಷ ಕತಾರ್‌ನಲ್ಲಿ ನಡೆಯುವುದರಿಂದ ಅರ್ಹತೆಯ ಒತ್ತಡವೂ ಪ್ರತಿ ವರ್ಷದ್ದು. ಮುಂದಿನ ವಲಯ ಪಂದ್ಯಗಳು ಶುರುವಾದಾಗ ಇಲ್ಲೇ ಫಲಿತಾಂಶಗಳನ್ನು ಹಾಕುತ್ತೇನೆ. ಸೆಕಾಫಾ ಪಂದ್ಯಗಳ ಬಗ್ಗೆ ಕಂಪಾಲಾದಿಂದ ಬರೆಯಲು ಸಾಧ್ಯವೇ ಸರ್?

ಕಂಪಾಲಾ ಕನ್ನಡಿಗ

ಖಂಡಿತ. ಉಗಾಂಡಾ ಆಡುವ ಪಂದ್ಯಗಳಷ್ಟೇ ಅಲ್ಲ, ಸೊಮಾಲಿಯಾದವುಗಳನ್ನೂ ಬರೆಯುತ್ತೇನೆ.